ಹಾಡು ನುಡಿಸುವ ತಂತ್ರಾಂಶಗಳೂ ವಿರಳ ಭಾಷೆಗಳೂ

ನಮ್ಮ ಹಿರಿಯ ವಿದ್ಯಾರ್ಥಿನಿಯರಲ್ಲಿ ಕೆಲವರು ಗ್ರಾಮಫೋನಿನ ತಟ್ಟೆಯನ್ನು ಕಂಡವರು. ಅವರ ಮಕ್ಕಳು ಕ್ಯಾಸೆಟ್ಟಿನ ಕಾಲದವರು. ಮೊಮ್ಮಕ್ಕಳಾದರೋ ಕೈಯೊಳಗಿನ ಫೋನನ್ನು ಬೆರಳಿನಿಂದ ಮುಟ್ಟಿ ಬೇಕಾದ ಕೀರ್ತನೆಯನ್ನು ಬೇಕಾದ ಹೊತ್ತಿಗೆ ಕೇಳುತ್ತಾರೆ. ಗ್ರಾಮಫೋನಿನ ತಟ್ಟೆ ತಿರುಗುವದು ಕಣ್ಣಿಗೆ ಕಾಣುತ್ತಿತ್ತು. ಮುಳ್ಳು ಸವೆದರೆ ಬೇರೊಂದನ್ನು ಹಾಕಬಹುದಾಗಿತ್ತು. ಈಗಿನ ಹಾಡುಪೆಟ್ಟಿಗೆಯಲ್ಲಿ ಕಾಣುವಂಥ ಚಕ್ರವೂ ಇಲ್ಲ, ಸವೆಯುವ ಮುಳ್ಳೂ ಇಲ್ಲ. ಅಲ್ಲಿ ಕೆಲಸ ನಡಿಸುವದು ಒಂದು ಬರಹ. ಯಾರೋ ಒಬ್ಬರು ಯಾವುದೋ ಒಂದು ಭಾಷೆಯಲ್ಲಿ ಕ್ರಮವಾಗಿ ಬರೆದಿಟ್ಟ ಅಪ್ಪಣೆಗಳನ್ನು ಯಂತ್ರವು ಒಂದೊಂದಾಗಿ ನಡಿಸಿಕೊಡುತ್ತದೆ. ನಮಗೆ ಹಾಡು ಕೇಳಿಸುತ್ತದೆ. ಈ ಬರಹಕ್ಕೆ ತಂತ್ರಾಂಶವೆಂದು ಹೆಸರು.

ತಾಯಿತಂದೆಗಳು ಉಪಾಧ್ಯಾಯರನ್ನು ಕೇಳುವ ಒಂದು ಪ್ರಶ್ನೆಯುಂಟು: "ನಮ್ಮ ಮಗಳು ಕಂಪ್ಯೂಟರು ಕಲಿಯಬೇಕೆನ್ನುತ್ತಾಳೆ. ಯಾವ ಭಾಷೆಯನ್ನು ಕಲಿಯುವದು ಲೇಸು? ಎಲ್ಲರೂ ಬಲ್ಲ ಭಾಷೆಯೊಂದನ್ನು ಕಲಿತರೆ ಸಾಲದೋ? ಕೆಲವೇ ಜನರು ಬಳಸುವ ಭಾಷೆಯನ್ನು ಕಲಿತು ಪ್ರಯೋಜನವೇನು?" ಪ್ರಶ್ನೆಯು ನ್ಯಾಯವಾದದ್ದು, ಮಗಳ ಅನ್ನದ ದಾರಿಯು ಅದರಲ್ಲಿ ಅಡಗಿದೆ. ಆದಕಾರಣ ಇದಕ್ಕೆ ಬಾಯಿಮಾತಿನ ಉತ್ತರವನ್ನು ಕೊಡದೆ, ವಿರಳವಾದ ಭಾಷೆಗಳಲ್ಲಿ ಬರೆಯಲ್ಪಟ್ಟ ನಾಲ್ಕು ಸಂಗೀತ ತಂತ್ರಾಂಶಗಳ ಚರಿತ್ರೆಯನ್ನು ಇಲ್ಲಿ ವಿವರಿಸುವೆವು. ನಾಲ್ಕೂ ಓಪನ್ ಸೋರ್ಸ್ ಎಂಬ ಜಾತಿಗೆ ಸೇರಿದವುಗಳು. ಒಂದು ಬಹು ಜನಪ್ರಿಯವಾಗಿ ನಿಂತುಹೋಯಿತು. ಒಂದು ಕೈಬಿಡಲ್ಪಟ್ಟು ಮತ್ತೊಬ್ಬರ ಕೈಸೇರಿತು. ಉಳಿದ ಎರಡು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಬಾಳಿಕೊಂಡು ಬಂದಿವೆ. ಹೀಗೇಕಾಯಿತೆಂದು ವಿಚಾರಿಸಿದರೆ ನಮ್ಮ ಪ್ರಶ್ನೆಗೆ ಉತ್ತರವು ತಾನಾಗಿ ದೊರೆಯುವದು.

೧. ಮೂಲಬರಹವೂ ಅದರ ಸ್ವಾತಂತ್ರ್ಯವೂ

ಕಂಪ್ಯೂಟರಿಗೆ ತಿಳಿಯುವದು ಸೊನ್ನೆ ಮತ್ತು ಒಂದು ಎಂಬ ಎರಡೇ ಗುರುತುಗಳ ಸಾಲು. ಅಂಥ ಸಾಲುಗಳನ್ನು ಮನುಷ್ಯರು ನೇರವಾಗಿ ಬರೆಯುವದು ಬಹು ಕಷ್ಟವಾದ್ದರಿಂದ, ಇಬ್ಬರಿಗೂ ನಡುವೆ ಪ್ರೋಗ್ರಾಮಿಂಗ್ ಭಾಷೆಗಳೆಂಬವುಗಳನ್ನು ಕಲ್ಪಿಸಿದ್ದಾರೆ. ಮನುಷ್ಯರು ಆ ಭಾಷೆಯಲ್ಲಿ ಬರೆದದ್ದಕ್ಕೆ ಸೋರ್ಸ್ ಕೋಡ್, ಅಂದರೆ ಮೂಲಬರಹ, ಎಂದು ಹೆಸರು. ಅದನ್ನು ಯಂತ್ರಕ್ಕೆ ತಿಳಿಯುವಂತೆ ತರ್ಜುಮೆ ಮಾಡಲು ಬೇರೆ ತಂತ್ರಾಂಶವಿರುತ್ತದೆ. ಮೂಲಬರಹವು ಅಡಿಗೆಯ ಕ್ರಮವನ್ನು ಬರೆದಿಟ್ಟ ಚೀಟಿಯಂತೆ. ನಮ್ಮ ಫೋನಿಗೆ ಬಂದು ಸೇರುವ ತಂತ್ರಾಂಶವು ಬೆಂದ ಸಾರಿನಂತೆ. ಸಾರನ್ನು ಉಂಡವಳಿಗೆ ರುಚಿಯು ತಿಳಿಯುವದು. ಆದರೆ ಹುಳಿ ಎಷ್ಟು, ಖಾರ ಎಷ್ಟು, ಒಗ್ಗರಣೆ ಯಾವಾಗ ಎಂಬುದನ್ನು ತಿಳಿಯಬೇಕಾದರೆ ಚೀಟಿಯೇ ಬೇಕು.

ಅನೇಕ ಕಂಪನಿಗಳು ಸಾರನ್ನು ಮಾರುತ್ತವೆ, ಚೀಟಿಯನ್ನು ಬಚ್ಚಿಡುತ್ತವೆ. ಇದು ಸರಿಯಲ್ಲವೆಂದು ಅಮೇರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬವರು ೧೯೮೩ರಲ್ಲಿ ಗ್ನೂ ಎಂಬ ಯೋಜನೆಯನ್ನು ಸಾರಿದರು. ತಂತ್ರಾಂಶವನ್ನು ಬಳಸುವವರಿಗೆ ನಾಲ್ಕು ಸ್ವಾತಂತ್ರ್ಯಗಳಿರಬೇಕೆಂಬುದು ಅವರ ಮತ: ಬೇಕಾದ ಕೆಲಸಕ್ಕೆ ಬಳಸುವದು, ಮೂಲಬರಹವನ್ನು ಓದಿ ತಿದ್ದುವದು, ಪ್ರತಿಮಾಡಿ ಇತರರಿಗೆ ಕೊಡುವದು, ತಿದ್ದಿದ್ದನ್ನೂ ಹಂಚುವದು. ೧೯೮೯ರಲ್ಲಿ ಈ ಮಾತುಗಳನ್ನು ಕಾನೂನಿನ ಭಾಷೆಯಲ್ಲಿ ಪರವಾನಗಿಯಾಗಿ ಪ್ರಕಟಿಸಿದರು. ಓಪನ್ ಸೋರ್ಸ್ ಎಂಬ ಹೆಸರು ೧೯೯೮ರಲ್ಲಿ ಬಳಕೆಗೆ ಬಂತು. ಇಬ್ಬರ ತತ್ವಗಳಲ್ಲಿ ಭೇದವಿದ್ದರೂ, ಚೀಟಿಯು ಎಲ್ಲರಿಗೂ ತೆರೆದಿರಬೇಕೆಂಬುದರಲ್ಲಿ ಭೇದವಿಲ್ಲ.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸತಕ್ಕದ್ದು. ಚೀಟಿ ತೆರೆದಿದ್ದರೆ ಸಾಲದು. ಅದನ್ನು ಓದಬಲ್ಲವರೂ ಇರಬೇಕು. ಪರವಾನಗಿಯು ಹಕ್ಕನ್ನು ಕೊಡುವದೇ ಹೊರತು ಕೈಗಳನ್ನು ಕೊಡಲಾರದು. ಈ ಮಾತು ಮುಂದೆ ಮತ್ತೆ ಮತ್ತೆ ಬರುವದು.

೨. ಪ್ಲೇಯರು ಮಾಡುವ ಕೆಲಸ

ಹಾಡನ್ನು ಅಂಕಿಗಳಾಗಿ ಮಾಡುವದು ಹೇಗೆ? ಶಬ್ದವು ಗಾಳಿಯ ಅಲೆ. ಆ ಅಲೆಯ ಎತ್ತರವನ್ನು ಕ್ಷಣಕ್ಷಣಕ್ಕೂ ಅಳೆದು ಅಂಕಿಯಾಗಿ ಬರೆದಿಡುತ್ತಾರೆ. ೧೯೮೨ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ತಟ್ಟೆಯಲ್ಲಿ ಸೆಕೆಂಡಿಗೆ ೪೪,೧೦೦ ಸಾರಿ ಅಳೆಯುವರು; ಒಂದೊಂದು ಅಳತೆಗೂ ೧೬ ಬಿಟ್, ಅಂದರೆ ಎರಡು ಬೈಟುಗಳಷ್ಟು ಸ್ಥಳ ಬೇಕು; ಎಡಕಿವಿಗೊಂದು ಬಲಕಿವಿಗೊಂದು ಹೀಗೆ ಎರಡು ಸಾಲುಗಳು. ಈ ಲೆಕ್ಕದಂತೆ ನಾಲ್ಕು ನಿಮಿಷದ ಹಾಡಿಗೆ ಸುಮಾರು ೪ ಕೋಟಿ ೨೩ ಲಕ್ಷ ಬೈಟುಗಳಾಗುವವು. ಇದು ಬಹಳವಾಯಿತೆಂದು, ಕಿವಿಗೆ ಕೇಳಿಸದ ಅಂಶಗಳನ್ನು ಬಿಟ್ಟು ಹಾಡನ್ನು ಮಡಚಿಡುವ ಉಪಾಯಗಳನ್ನು ಕಂಡುಹಿಡಿದರು. ಎಂಪಿ-ಥ್ರೀ ಎಂಬುದು ಅವುಗಳಲ್ಲಿ ಪ್ರಸಿದ್ಧವಾದದ್ದು. ಸೆಕೆಂಡಿಗೆ ೧೨೮ ಸಾವಿರ ಬಿಟ್ಟುಗಳ ಪ್ರಮಾಣದಲ್ಲಿ ಮಡಚಿದರೆ ಅದೇ ಹಾಡು ಸುಮಾರು ೩೮ ಲಕ್ಷ ಬೈಟುಗಳಲ್ಲಿ ಹಿಡಿಯುವದು.

ಪ್ಲೇಯರಿನ ಮೊದಲನೆಯ ಕೆಲಸವು ಈ ಮಡಿಕೆಯನ್ನು ಬಿಚ್ಚುವದು. ಎರಡನೆಯದು, ಬಿಚ್ಚಿದ ಅಂಕಿಗಳನ್ನು ತಪ್ಪದೆ ಹೊತ್ತಿಗೆ ಸರಿಯಾಗಿ ಧ್ವನಿಯ ಯಂತ್ರಕ್ಕೆ ಒಪ್ಪಿಸುವದು. ಇದು ಹಂಡೆಗೆ ನೀರು ತುಂಬಿದಂತೆ. ಕೆಳಗಿನ ನಲ್ಲಿಯಿಂದ ನೀರು ಒಂದೇ ಸಮನೆ ಹೋಗುತ್ತಿರುತ್ತದೆ. ಮೇಲಿನಿಂದ ಕೊಡ ತುಂಬಿ ಸುರಿಯುವವಳು ಒಂದು ಗಳಿಗೆ ಮೈಮರೆತರೂ ಹಂಡೆ ಬರಿದಾಗಿ ಹಾಡು ತೊದಲುವದು. ಮೂರನೆಯ ಕೆಲಸವು ಹಾಡುಗಳ ಪಟ್ಟಿಯನ್ನು ಇಡುವದು: ಹಾಡಿದವರು ಯಾರು, ಯಾವ ವರ್ಷದ್ದು, ಮುಂದಿನದು ಯಾವುದು. ನಾಲ್ಕನೆಯದು ಕೇಳುವವರ ಅಪ್ಪಣೆಗೆ ಕಿವಿಗೊಡುವದು.

೧೯೭೨ರಲ್ಲಿ ಡೆನ್ನಿಸ್ ರಿಚಿ ಎಂಬವರು ಬೆಲ್ ಪ್ರಯೋಗಶಾಲೆಯಲ್ಲಿ ರೂಪಿಸಿದ ಸಿ ಎಂಬ ಭಾಷೆಯೂ ಅದರಿಂದ ಬೆಳೆದ ಸಿ ಪ್ಲಸ್ ಪ್ಲಸ್ ಎಂಬುದೂ ಈ ಕೆಲಸಗಳಿಗೆ ಬಹಳವಾಗಿ ಬಳಕೆಯಲ್ಲಿವೆ. ಅವುಗಳಲ್ಲಿ ಬರೆಯುವವರು ಮೆಮೊರಿಯ ಒಂದೊಂದು ಮೂಲೆಯನ್ನೂ ತಾವೇ ಗುಡಿಸಿಕೊಳ್ಳಬೇಕು. ತಪ್ಪಿದರೆ ಅಪಾಯ, ತಪ್ಪದಿದ್ದರೆ ವೇಗ. ನಾವು ಹೇಳಲಿರುವ ಭಾಷೆಗಳಲ್ಲಾದರೋ ಕಸಗುಡಿಸುವ ಕೆಲಸವನ್ನು ಭಾಷೆಯೇ ವಹಿಸಿಕೊಳ್ಳುತ್ತದೆ. ಬರೆಯುವವರಿಗೆ ಇದರಿಂದ ದೊಡ್ಡ ಉಪಕಾರ; ಆದರೆ ಆ ಗುಡಿಸುವಿಕೆಯು ಬೇಡದ ಹೊತ್ತಿನಲ್ಲಿ ನಡೆದರೆ ಹಂಡೆ ಬರಿದಾಗುವ ಭಯವೂ ಉಂಟು. ಆದ್ದರಿಂದ ಈ ಭಾಷೆಗಳ ಪ್ಲೇಯರುಗಳು ಬಹುಮಟ್ಟಿಗೆ ಒಂದು ವಿವೇಕವನ್ನು ತೋರಿಸಿವೆ. ಮಡಿಕೆ ಬಿಚ್ಚುವ ಭಾರವಾದ ಕೆಲಸವನ್ನು ಸಿ ಭಾಷೆಯ ಹಳೆಯ ತಂತ್ರಾಂಶಕ್ಕೆ ಬಿಟ್ಟು, ಯೋಚಿಸುವ ಕೆಲಸವನ್ನು ಮಾತ್ರ ತಾವು ಇಟ್ಟುಕೊಳ್ಳುತ್ತವೆ. ಚಿಕ್ಕ ಭಾಷೆಯು ದೊಡ್ಡದರಿಂದ ಎರವು ಪಡೆಯುವದು ಅವಮಾನವಲ್ಲ. ಬಾಳುವ ದಾರಿಯೇ ಅದು.

ವಿರಳ ಎಂಬ ಮಾತಿನ ಅರ್ಥವನ್ನೂ ಇಲ್ಲಿ ಸ್ಪಷ್ಟಮಾಡುವೆವು. ಧಾರವಾಡದಲ್ಲಿ ಕನ್ನಡವು ಸಾಮಾನ್ಯ, ಪ್ಯಾರಿಸಿನಲ್ಲಿ ವಿರಳ. ಹಾಗೆಯೇ ಒಂದು ಪ್ರೋಗ್ರಾಮಿಂಗ್ ಭಾಷೆಯು ಒಂದು ಮನೆಯಲ್ಲಿ ಯಜಮಾನಿಯಾಗಿದ್ದು ಮತ್ತೊಂದು ಮನೆಯಲ್ಲಿ ಪರದೇಶಿಯಾಗಿರಬಹುದು. ಮೊದಲನೆಯ ದೃಷ್ಟಾಂತವು ಇಂಥದೇ.

೩. ಬ್ಯಾನ್‌ಶೀ: ಜನಪ್ರಿಯವಾಗಿ ನಿಂತುಹೋದದ್ದು

ಸಿ ಶಾರ್ಪ್ ಎಂಬ ಭಾಷೆಯನ್ನು ಮೈಕ್ರೋಸಾಫ್ಟ್ ಕಂಪನಿಯು ೨೦೦೦ದಲ್ಲಿ ಪ್ರಕಟಿಸಿತು. ಆ ಕಂಪನಿಯ ಮನೆಯಲ್ಲಿ ಅದು ಬಹಳ ಬಳಕೆಯ ಭಾಷೆ. ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯ ಮನೆಯಲ್ಲಿ ಅದು ಹೊರಗಿನದು. ಲಿನಕ್ಸಿನಲ್ಲಿಯೂ ಅದು ನಡೆಯುವಂತೆ ಮೊನೊ ಎಂಬ ಯೋಜನೆಯನ್ನು ಮಿಗೆಲ್ ದೆ ಇಕಾಸಾ ಎಂಬವರು ೨೦೦೧ರಲ್ಲಿ ಆರಂಭಿಸಿದರು. ಆ ಮೊನೊವಿನ ಮೇಲೆ, ಸಿ ಶಾರ್ಪ್ ಭಾಷೆಯಲ್ಲಿ, ೨೦೦೫ರಲ್ಲಿ ಒಂದು ಪ್ಲೇಯರು ಹುಟ್ಟಿತು. ಮೊದಲು ಸೊನಾನ್ಸ್ ಎಂದು ಕರೆಯಲ್ಪಟ್ಟು ಬಳಿಕ ಬ್ಯಾನ್‌ಶೀ ಎಂಬ ಹೆಸರನ್ನು ಪಡೆಯಿತು. ಹಾಡು, ಚಲಚ್ಚಿತ್ರ, ಕೈಯಲ್ಲಿ ಹಿಡಿಯುವ ಹಾಡುಪೆಟ್ಟಿಗೆಗಳಿಗೆ ಹಾಡು ತುಂಬುವದು, ಎಲ್ಲವೂ ಅದರಲ್ಲಿ ಇದ್ದವು. ನುಡಿಸುವ ಭಾರವನ್ನು ಸಿ ಭಾಷೆಯ ಜಿ-ಸ್ಟ್ರೀಮರ್ ಎಂಬುದು ಹೊರುತ್ತಿತ್ತು.

ಉಬುಂಟು ಎಂಬುದು ಲಿನಕ್ಸಿನ ಬಹು ಪ್ರಚಾರದಲ್ಲಿರುವ ರೂಪ. ೨೦೧೧ರ ಏಪ್ರಿಲಿನಲ್ಲಿ ಬಂದ ಅದರ ಆವೃತ್ತಿಯಲ್ಲಿ, ಸಿ ಭಾಷೆಯ ರಿದಮ್‌ಬಾಕ್ಸ್ ಎಂಬ ಹಳೆಯ ಪ್ಲೇಯರನ್ನು ತೆಗೆದು ಬ್ಯಾನ್‌ಶೀಯನ್ನು ಅದರ ಪೀಠದಲ್ಲಿ ಕೂಡ್ರಿಸಿದರು. ಇದಕ್ಕಿಂತ ಹೆಚ್ಚಿನ ಮನ್ನಣೆಯು ಒಂದು ಪ್ಲೇಯರಿಗೆ ಆ ಮನೆಯಲ್ಲಿ ಇರಲಿಲ್ಲ. ಆದರೆ ಮರುವರ್ಷವೇ, ೨೦೧೨ರ ಏಪ್ರಿಲಿನ ಆವೃತ್ತಿಯಲ್ಲಿ, ಬ್ಯಾನ್‌ಶೀ ಇಳಿದು ರಿದಮ್‌ಬಾಕ್ಸ್ ಪುನಃ ಏರಿತು.

ಕಾರಣಗಳು ಹಲವು. ಬ್ಯಾನ್‌ಶೀ ಬರಬೇಕಾದರೆ ಮೊನೊ ಎಂಬ ಇಡೀ ಸಂಸಾರವೂ ಅದರ ಸಂಗಡ ಬರಬೇಕಾಗಿತ್ತು, ಒಂದೇ ಸಿ.ಡಿ. ತಟ್ಟೆಯಲ್ಲಿ ಎಲ್ಲವನ್ನೂ ತುಂಬಬೇಕಾಗಿದ್ದ ಆ ದಿನಗಳಲ್ಲಿ ಆ ಸ್ಥಳವು ದುಬಾರಿಯಾಗಿ ಕಂಡಿತು. ಅದಲ್ಲದೆ ಕಿಟಕಿ ಗುಂಡಿಗಳನ್ನು ತೋರಿಸುವ ಜಿಟಿಕೆ ಎಂಬ ಸಾಮಗ್ರಿಯ ಮೂರನೆಯ ಆವೃತ್ತಿಯು ಬಂದಾಗ, ಅದಕ್ಕೂ ಸಿ ಶಾರ್ಪಿಗೂ ನಡುವಿನ ಸೇತುವೆಯು ಇನ್ನೂ ಸಿದ್ಧವಾಗಿರಲಿಲ್ಲ. ಸಿ ಭಾಷೆಯವರು ನೇರವಾಗಿ ಹೊಳೆ ದಾಟಿದರು. ಸಿ ಶಾರ್ಪಿನವರು ಸೇತುವೆಗೆ ಕಾದು ನಿಂತರು. ಮೈಕ್ರೋಸಾಫ್ಟಿನ ಪೇಟೆಂಟುಗಳಿಂದ ಮುಂದೆ ತೊಂದರೆಯಾದೀತೆಂಬ ಅನುಮಾನವೂ ಹಲವರ ಮನಸ್ಸಿನಲ್ಲಿ ಇತ್ತು. ಇವೆಲ್ಲಕ್ಕೂ ಮಿಗಿಲಾಗಿ, ಮೊನೊವಿನ ಕೆಲಸಗಾರರಿಗೆ ಸಂಬಳ ಕೊಡುತ್ತಿದ್ದ ನಾವೆಲ್ ಎಂಬ ಕಂಪನಿಯು ೨೦೧೧ರಲ್ಲಿ ಅಟ್ಯಾಚ್‌ಮೇಟ್ ಎಂಬ ಕಂಪನಿಯ ವಶವಾಯಿತು. ಮೊನೊವಿನ ಕೆಲಸದಲ್ಲಿದ್ದವರನ್ನು ಬಿಡಿಸಲಾಯಿತು. ೨೦೧೪ರ ಬಳಿಕ ಬ್ಯಾನ್‌ಶೀಯ ಹೊಸ ಬಿಡುಗಡೆ ಬರಲಿಲ್ಲ.

ಮೂಲಬರಹವು ಇಂದಿಗೂ ತೆರೆದೇ ಇದೆ. ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಆದರೆ ಸಿ ಶಾರ್ಪ್ ಬಲ್ಲ ಲಕ್ಷಾಂತರ ಜನರು ಬೇರೆ ಮನೆಯಲ್ಲಿದ್ದರು. ಈ ಮನೆಯಲ್ಲಿದ್ದವರು ಬೇರೆ ಭಾಷೆಯವರು. ಕೇಳುವವರು ಬಹಳವಾಗಿದ್ದರು, ಕಟ್ಟುವವರು ಕೆಲವರೇ. ಆ ಕೆಲವರು ಚದರಿದಾಗ ಅವರ ಸ್ಥಳಕ್ಕೆ ಬರಲು ಯಾರನ್ನೂ ಸಿದ್ಧಪಡಿಸಿರಲಿಲ್ಲ. ಜನಪ್ರಿಯತೆಯು ಆಯುಷ್ಯವಲ್ಲವೆಂಬುದನ್ನು ಇದರಿಂದ ತಿಳಿಯಬಹುದು.

೪. ಹಾಸ್ಕೆಲಿನ ಪುಟ್ಟ ಪ್ಲೇಯರು: ಕೈಬಿಟ್ಟು ಕೈಸೇರಿದ್ದು

ಎರಡನೆಯದು ಬಹು ಚಿಕ್ಕದು. ಹಾಸ್ಕೆಲ್ ಎಂಬ ಭಾಷೆಯು ೧೯೯೦ರಲ್ಲಿ ಪ್ರಕಟವಾಯಿತು. ಹಾಸ್ಕೆಲ್ ಕರಿ ಎಂಬ ತರ್ಕಶಾಸ್ತ್ರಜ್ಞರ ಹೆಸರನ್ನು ಅದಕ್ಕೆ ಇಟ್ಟರು. ಗಣಿತದ ಸಮೀಕರಣಗಳಂತೆ ಬರೆಯುವ ಭಾಷೆಯಿದು. ಒಂದು ಅಂಶಕ್ಕೆ ಒಂದು ಬೆಲೆಯನ್ನು ಕೊಟ್ಟ ಮೇಲೆ ಅದನ್ನು ಹಿಂದಿನಿಂದ ಬದಲಿಸುವ ಪದ್ಧತಿಯಿಲ್ಲ. ಹೊರಗಿನ ಲೋಕವನ್ನು ಮುಟ್ಟುವ ಕೆಲಸಗಳನ್ನು ಬೇರೆಯಾಗಿ ಗುರುತುಮಾಡಿ ಬರೆಯಬೇಕು. ಹಾಡು ನುಡಿಸುವದಂತೂ ಹೊರಗಿನ ಲೋಕವನ್ನು ಎಡೆಬಿಡದೆ ಮುಟ್ಟುವ ಕೆಲಸ. ಇಂಥ ಭಾಷೆಯಲ್ಲಿ ಪ್ಲೇಯರನ್ನು ಬರೆಯಬಹುದೋ ಎಂದು ಹಲವರು ಸಂದೇಹಪಟ್ಟಾರು.

ಡಾನ್ ಸ್ಟುವರ್ಟ್ ಎಂಬವರು ಬರೆದು ತೋರಿಸಿದರು. ಎಚ್‌ಎಂಪಿ-ಥ್ರೀ ಎಂಬ ಆ ಪ್ಲೇಯರಿನಲ್ಲಿ ಚಿತ್ರಗಳಿಲ್ಲ. ಅಕ್ಷರಗಳಿಂದಲೇ ತುಂಬಿದ ಪರದೆ, ಕೀಲಿಮಣೆಯ ಒಂದೊಂದು ಅಕ್ಷರಕ್ಕೆ ಒಂದೊಂದು ಅಪ್ಪಣೆ. ಮಡಿಕೆ ಬಿಚ್ಚುವ ಕೆಲಸವನ್ನು ಎಂಪಿಜಿ-೧೨೩ ಎಂಬ ಸಿ ಭಾಷೆಯ ತಂತ್ರಾಂಶಕ್ಕೆ ಒಪ್ಪಿಸಿ, ಪಟ್ಟಿಯನ್ನೂ ಪರದೆಯನ್ನೂ ಅಪ್ಪಣೆಗಳನ್ನೂ ಹಾಸ್ಕೆಲ್ ನೋಡಿಕೊಳ್ಳುತ್ತಿತ್ತು. ಕಾಲಕ್ರಮದಲ್ಲಿ ಆ ಕೆಲಸವು ನಿಂತಿತು. ಹಾಸ್ಕೆಲಿನ ತರ್ಜುಮೆಗಾರ ತಂತ್ರಾಂಶವು ವರ್ಷವರ್ಷಕ್ಕೆ ಬದಲಾಗುತ್ತ ಹೋದುದರಿಂದ ತಿದ್ದದೆ ಬಿಟ್ಟ ಹಳೆಯ ಬರಹವು ಹಿಂದೆ ಉಳಿಯುವದು ಸಹಜ.

ಆದರೆ ಇದರ ಕಥೆಯು ಬ್ಯಾನ್‌ಶೀಯಂತೆ ಮುಗಿಯಲಿಲ್ಲ. ೨೦೧೯ರಲ್ಲಿ ಮತ್ತೊಬ್ಬರು ಆ ಮೂಲಬರಹವನ್ನು ಎತ್ತಿಕೊಂಡು, ಹೊಸ ಕಾಲಕ್ಕೆ ಹೊಂದುವಂತೆ ತಿದ್ದಿ, ಹಳೆಯ ಹೆಸರಿಗೆ ಎರಡಕ್ಷರ ಸೇರಿಸಿ ಪ್ರಕಟಿಸಿದರು. ಹೀಗೆ ಒಬ್ಬರು ಬಿಟ್ಟದ್ದನ್ನು ಮತ್ತೊಬ್ಬರು ಎತ್ತಿಕೊಂಡು ಕವಲು ಬೆಳೆಸುವದಕ್ಕೆ ಫೋರ್ಕ್ ಎನ್ನುವರು. ಹಕ್ಕು ಇತ್ತು, ಹಾಸ್ಕೆಲ್ ಓದಬಲ್ಲ ಒಬ್ಬರೂ ಇದ್ದರು. ಆ ಭಾಷೆಯನ್ನು ಬಲ್ಲವರು ತಾವಾಗಿ ಹುಟ್ಟಿಬರುವದಿಲ್ಲ. ಮೊದಲು ಪ್ಲೇಯರನ್ನು ಬರೆದ ಸ್ಟುವರ್ಟರೇ ೨೦೦೮ರಲ್ಲಿ ಇಬ್ಬರು ಜೊತೆಗಾರರೊಡನೆ ರಿಯಲ್ ವರ್ಲ್ಡ್ ಹಾಸ್ಕೆಲ್ ಎಂಬ ಪಠ್ಯಪುಸ್ತಕವನ್ನು ಬರೆದು, ಎಲ್ಲರೂ ಬೆಲೆಯಿಲ್ಲದೆ ಓದುವಂತೆ ಇಟ್ಟರು. ತಂತ್ರಾಂಶವನ್ನು ಬರೆಯುವದು ಒಂದು ಸೇವೆ; ಅದನ್ನು ಬರೆದ ಭಾಷೆಯನ್ನು ಕಲಿಸುವದು ಅದಕ್ಕಿಂತ ದೀರ್ಘಕಾಲದ ಸೇವೆ.

೫. ಎಮ್ಸ್: ಬರಹದೊಳಗೆ ಹಾಡು

ಲಿಸ್ಪ್ ಎಂಬುದು ಬಹು ಹಳೆಯ ಭಾಷೆ. ೧೯೫೮ರಲ್ಲಿ ಜಾನ್ ಮೆಕಾರ್ಥಿ ಎಂಬವರು ಅದನ್ನು ರೂಪಿಸತೊಡಗಿದರು. ಆವರಣಗಳೇ ಅದರ ಗುರುತು. ಒಂದರೊಳಗೊಂದು ಆವರಣವಿಟ್ಟು ಇಡೀ ಬರಹವನ್ನು ಕಟ್ಟುವರು. ಸ್ಟಾಲ್‌ಮನ್ನರು ೧೯೮೫ರಲ್ಲಿ ಹೊರಗೆ ಬಿಟ್ಟ ಗ್ನೂ ಈಮ್ಯಾಕ್ಸ್ ಎಂಬ ಬರವಣಿಗೆಯ ತಂತ್ರಾಂಶವು ಲಿಸ್ಪಿನ ಒಂದು ರೂಪವನ್ನು ಒಳಭಾಷೆಯಾಗಿ ಇಟ್ಟುಕೊಂಡಿದೆ. ಆದ್ದರಿಂದ ಅದನ್ನು ಬಳಸುವವರು, ಅದು ನಡೆಯುತ್ತಿರುವಾಗಲೇ, ಅದರ ನಡತೆಯನ್ನು ತಿದ್ದಬಹುದು. ಮನೆಯಲ್ಲಿ ವಾಸವಾಗಿದ್ದುಕೊಂಡೇ ಗೋಡೆಯಲ್ಲಿ ಕಿಟಕಿ ಇಡಿಸಿದಂತೆ ಎಂದರೆ ತಪ್ಪಾಗದು.

೨೦೦೩ರಲ್ಲಿ ಈ ಈಮ್ಯಾಕ್ಸಿನೊಳಗೆ ಎಮ್ಸ್ ಎಂಬ ಪ್ಲೇಯರು ಆರಂಭವಾಯಿತು. ಇದು ತಾನೇ ಹಾಡನ್ನು ನುಡಿಸುವದಿಲ್ಲ. ಎಂಪಿವಿ, ವಿಎಲ್‌ಸಿ ಮುಂತಾದ ಹೊರಗಿನ ತಂತ್ರಾಂಶಗಳಿಗೆ ಅಪ್ಪಣೆ ಕೊಟ್ಟು ನುಡಿಸುವದು. ಇದರ ವಿಶೇಷವು ಪಟ್ಟಿಯಲ್ಲಿದೆ. ಎಮ್ಸಿನಲ್ಲಿ ಹಾಡುಗಳ ಪಟ್ಟಿಯೆಂಬುದು ಒಂದು ಬರಹದ ಪುಟ. ಕಾಗದ ಬರೆಯುವಾಗ ಒಂದು ಸಾಲನ್ನು ಕತ್ತರಿಸಿ ಮೇಲಕ್ಕೆ ಅಂಟಿಸುವ ಅಪ್ಪಣೆಗಳೇ ಇಲ್ಲಿ ಹಾಡುಗಳ ಸರದಿಯನ್ನೂ ಬದಲಿಸುವವು. ಒಂದು ಪದವನ್ನು ಹುಡುಕುವ ಅಪ್ಪಣೆಯೇ ಹಾಡನ್ನೂ ಹುಡುಕುವದು. ಹೊಸದಾಗಿ ಕಲಿಯಬೇಕಾದದ್ದು ಸ್ವಲ್ಪವೇ. ಈಮ್ಯಾಕ್ಸಿನಲ್ಲಿ ಕನ್ನಡ ಲಿಪಿಯಲ್ಲಿ ಬರೆಯುವ ಏರ್ಪಾಡೂ ಇರುವದರಿಂದ ಕನ್ನಡ ಕೀರ್ತನೆಯ ಹೆಸರನ್ನು ಕನ್ನಡದಲ್ಲಿಯೇ ಹುಡುಕಬಹುದು.

ಪಟ್ಟಿಯು ಬರೀ ಬರಹವಾದದ್ದರಿಂದ ಮತ್ತೊಂದು ಉಪಕಾರವಾಯಿತು. ಪುಣೆಯವರಾದ ಟಿ. ವಿ. ರಾಮನ್ ಎಂಬವರು ಹದಿನಾಲ್ಕನೆಯ ವಯಸ್ಸಿನಲ್ಲಿ ದೃಷ್ಟಿಯನ್ನು ಕಳಕೊಂಡರು. ಪುಣೆಯಲ್ಲಿ ಗಣಿತವನ್ನೂ, ಮುಂಬಯಿಯ ಐ.ಐ.ಟಿ.ಯಲ್ಲಿ ಕಂಪ್ಯೂಟರ್ ಶಾಸ್ತ್ರವನ್ನೂ ಕಲಿತು, ೧೯೯೪ರಲ್ಲಿ ಅಮೇರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಿಂದ ಡಾಕ್ಟರ್ ಪದವಿಯನ್ನು ಪಡೆದರು. ೧೯೯೫ರಲ್ಲಿ ಅವರು ಈಮ್ಯಾಕ್‌ಸ್ಪೀಕ್ ಎಂಬುದನ್ನು ಲಿಸ್ಪಿನಲ್ಲಿ ಬರೆದು ಪ್ರಕಟಿಸಿದರು. ಇದು ಈಮ್ಯಾಕ್ಸಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವದು. ಪರದೆಯ ಮೇಲಿನ ಅಕ್ಷರಗಳನ್ನು ಸುಮ್ಮನೆ ಒಪ್ಪಿಸುವದಕ್ಕೆ ಬದಲಾಗಿ, ಸಂದರ್ಭವನ್ನು ತಿಳಿದು ಧ್ವನಿಯನ್ನು ಬದಲಿಸಿ ಹೇಳುವದು ಇದರ ಹೆಚ್ಚಳ. ಎಮ್ಸ್ ಪ್ಲೇಯರಿಗೂ ಈಮ್ಯಾಕ್‌ಸ್ಪೀಕ್ ಮಾತು ಕೊಟ್ಟಿದೆ. ಎರಡೂ ಒಂದೇ ಭಾಷೆಯವಾದ್ದರಿಂದ ಒಂದರ ಅಂತರಂಗವು ಇನ್ನೊಂದಕ್ಕೆ ತೆರೆದಿತ್ತು. ಚಿತ್ರಗಳಿಂದ ಅಲಂಕೃತವಾದ ಎಷ್ಟೋ ಪ್ಲೇಯರುಗಳು ಕಣ್ಣಿಲ್ಲದವರಿಗೆ ಮುಚ್ಚಿದ ಬಾಗಿಲಾಗಿರುವಾಗ, ಈ ಸಾದಾ ಬರಹದ ಪುಟವು ತೆರೆದ ಬಾಗಿಲಾಯಿತು. ಹೆಚ್ಚು ಜನರು ಬಳಸುವದರಿಂದ ಮಾತ್ರ ಒಂದು ವಸ್ತುವಿಗೆ ಬೆಲೆಯೆಂದು ಎಣಿಸುವವರು ಈ ಸಂಗತಿಯನ್ನು ಜ್ಞಾಪಕದಲ್ಲಿಡಬೇಕು.

೬. ಲಿಕ್ವಿಡ್‌ಸೋಪ್: ಶಾಲೆಯಿಂದ ರೇಡಿಯೋವಿಗೆ

ನಾಲ್ಕನೆಯದು ಒಬ್ಬರು ಕೇಳುವ ಪ್ಲೇಯರಲ್ಲ. ಊರಿಗೆಲ್ಲ ನುಡಿಸುವ ಪ್ಲೇಯರು. ಫ್ರಾನ್ಸ್ ದೇಶದ ಲಿಯೋನ್ ಪಟ್ಟಣದಲ್ಲಿ ಎಕೋಲ್ ನಾರ್ಮಾಲ್ ಸುಪೀರ್ಯೂರ್ ಎಂಬ ಹೆಸರಾದ ವಿದ್ಯಾಲಯವಿದೆ. ೨೦೦೩ರ ಸುಮಾರಿಗೆ ಅಲ್ಲಿಯ ವಿದ್ಯಾರ್ಥಿಗಳಾಗಿದ್ದ ಡೇವಿಡ್ ಬೇಲ್ಡ್, ಸ್ಯಾಮುಯೆಲ್ ಮಿಮ್ರಾಮ್ ಎಂಬವರು, ತಮ್ಮ ವಿದ್ಯಾಲಯದೊಳಗೆ ಒಂದು ರೇಡಿಯೋವನ್ನು ನಡಿಸಬೇಕೆಂದು ಒಂದು ತಂತ್ರಾಂಶವನ್ನು ಬರೆಯತೊಡಗಿದರು. ಅದಕ್ಕೆ ಲಿಕ್ವಿಡ್‌ಸೋಪ್ ಎಂದು ಹೆಸರು. ಬರೆದ ಭಾಷೆಯು ಓಕ್ಯಾಮಲ್.

ಆ ಭಾಷೆಯು ಅವರ ಕೈಗೆ ಬರುವದಕ್ಕೆ ಹಿನ್ನೆಲೆಯುಂಟು. ೧೯೭೦ರ ದಶಕದಲ್ಲಿ ಎಡಿನ್‌ಬರೋದಲ್ಲಿ ರಾಬಿನ್ ಮಿಲ್ನರ್ ಎಂಬವರು ಎಂಎಲ್ ಎಂಬ ಭಾಷೆಯನ್ನು ಕಟ್ಟಿದರು. ಅದರ ಸಂತತಿಯಾದ ಓಕ್ಯಾಮಲನ್ನು ಫ್ರಾನ್ಸಿನ ಇನ್ರಿಯಾ ಎಂಬ ಸರಕಾರಿ ಸಂಶೋಧನಾ ಸಂಸ್ಥೆಯು ೧೯೯೬ರಲ್ಲಿ ಪ್ರಕಟಿಸಿತು. ಲೋಕದಲ್ಲಿ ಇದು ವಿರಳ ಭಾಷೆಯೇ. ಆದರೆ ಫ್ರಾನ್ಸಿನಲ್ಲಿ ಉನ್ನತ ವಿದ್ಯಾಲಯಗಳ ಪ್ರವೇಶಕ್ಕೆ ಸಿದ್ಧಮಾಡುವ ತರಗತಿಗಳಲ್ಲಿ ಈ ಮನೆತನದ ಭಾಷೆಯನ್ನು ಕಲಿಸುವ ಪದ್ಧತಿಯಿದೆ. ಹೀಗೆ ಉಪಾಧ್ಯಾಯರು ತರಗತಿಯಲ್ಲಿ ಬಿತ್ತಿದ ಬೀಜವು ರೇಡಿಯೋವಾಗಿ ಬೆಳೆಯಿತು.

ಓಕ್ಯಾಮಲಿನ ಗುಣವು ಕಟ್ಟುನಿಟ್ಟು. ಬರಹದ ಒಂದೊಂದು ಅಂಶವೂ ಯಾವ ಜಾತಿಯ ವಸ್ತುವೆಂದು ಮೊದಲೇ ಪರೀಕ್ಷಿಸಿ, ಅಂಕಿಯಿರಬೇಕಾದಲ್ಲಿ ಅಕ್ಷರವಿದ್ದರೆ ತರ್ಜುಮೆಯನ್ನೇ ಮಾಡದು. ಈ ಗುಣವನ್ನು ಲಿಕ್ವಿಡ್‌ಸೋಪಿನವರು ರೇಡಿಯೋವಿಗೂ ಕೊಟ್ಟರು. ರೇಡಿಯೋ ನಡಿಸುವವರೆಲ್ಲರೂ ಓಕ್ಯಾಮಲ್ ಕಲಿಯಲಾರರೆಂದು ಬಲ್ಲವರಾದ್ದರಿಂದ, ಅವರಿಗೋಸ್ಕರ ಬೇರೆ ಒಂದು ಪುಟ್ಟ ಭಾಷೆಯನ್ನೇ ಮಾಡಿಕೊಟ್ಟರು. ಮೂರು ನಾಲ್ಕು ಸಾಲುಗಳಲ್ಲಿ ಒಂದು ರೇಡಿಯೋವನ್ನು ಬರೆಯಬಹುದು: ಹಾಡುಗಳ ಪಟ್ಟಿ ಎಲ್ಲಿದೆ, ಅದು ಇಲ್ಲವಾದರೆ ಏನನ್ನು ನುಡಿಸಬೇಕು, ಧ್ವನಿಯನ್ನು ಎಲ್ಲಿಗೆ ಕಳುಹಿಸಬೇಕು.

ನಡುವಿನ ಸಾಲು ಬಹು ಮುಖ್ಯವಾದದ್ದು. ಹೊಸಬರು ಅದನ್ನು ಬರೆಯದೆ ಪಟ್ಟಿಯನ್ನು ನೇರವಾಗಿ ಕಳುಹಿಸಹೋದರೆ ಲಿಕ್ವಿಡ್‌ಸೋಪ್ ಒಪ್ಪುವದಿಲ್ಲ. ಈ ಮೂಲವು ತಪ್ಪಬಹುದಾದದ್ದು ಎಂದು ಹೇಳಿ, ಆರಂಭಿಸುವದಕ್ಕೆ ಮುಂಚೆಯೇ ನಿಂತುಬಿಡುತ್ತದೆ. ಪಟ್ಟಿಯ ಕಡತವು ಕಳೆದುಹೋದೀತು, ದೂರದ ತಂತಿ ಕಡಿದೀತು. ಆಗ ಕೇಳುವವರಿಗೆ ಏನು ಕೇಳಿಸಬೇಕೆಂದು ನೀವು ಹೇಳಿಲ್ಲವೆಂಬುದು ಅದರ ಆಕ್ಷೇಪಣೆ. ಕಂಪ್ಯೂಟರಿನಲ್ಲಿಯೇ ಇರುವ ಒಂದು ಹಾಡನ್ನಾದರೂ ಕಾಪಿಟ್ಟುಕೊಳ್ಳಬೇಕು, ಇಲ್ಲವೆ ಮೌನವೇ ಆಗಲೆಂದು ಬಾಯಿಬಿಟ್ಟು ಹೇಳಬೇಕು. ಆ ಮೇಲೆಯೇ ರೇಡಿಯೋ ನಡೆಯುವದು. ಹತ್ತು ಮಂದಿ ಕನ್ಯೆಯರ ಸಾಮ್ಯವನ್ನು ಬಲ್ಲ ನಮ್ಮ ವಿದ್ಯಾರ್ಥಿನಿಯರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ದೀಪ ಹಚ್ಚುವ ಮುಂಚೆಯೇ ಪಾತ್ರೆಯಲ್ಲಿ ಬೇರೆ ಎಣ್ಣೆಯುಂಟೋ ಎಂದು ಕೇಳುವ ತಂತ್ರಾಂಶವಿದು.

ವಿದ್ಯಾಲಯದ ಆಟವಾಗಿ ಹುಟ್ಟಿದ ಈ ತಂತ್ರಾಂಶವನ್ನು ಫ್ರಾನ್ಸಿನ ಸಾರ್ವಜನಿಕ ರೇಡಿಯೋ ಸಂಸ್ಥೆಯಾದ ರೇಡಿಯೋ ಫ್ರಾನ್ಸ್ ಸಹ ಬಳಸಿದೆ. ಚಿಕ್ಕ ಚಿಕ್ಕ ಇಂಟರ್ನೆಟ್ ರೇಡಿಯೋಗಳನ್ನು ನಡಿಸಲು ಅನುಕೂಲವಾದ ಅಝುರಾಕಾಸ್ಟ್ ಎಂಬ ಮುಕ್ತ ತಂತ್ರಾಂಶದ ಒಳಗೂ ಹಾಡು ಹೊರಡಿಸುವದು ಲಿಕ್ವಿಡ್‌ಸೋಪೇ. ಬಳಸುವವರಲ್ಲಿ ಬಹುಮಂದಿಗೆ ಓಕ್ಯಾಮಲ್ ಎಂಬ ಹೆಸರೂ ತಿಳಿಯದು. ೨೦೨೧ರಲ್ಲಿ ಮಿಮ್ರಾಮ್ ಮತ್ತು ರೊಮೇನ್ ಬೋಕ್ಸಿ ಎಂಬವರು, ಶಬ್ದವೆಂದರೇನು ಎಂಬುದರಿಂದ ಆರಂಭಿಸಿ ತಂತ್ರಾಂಶದ ಒಳಗಿನ ರಚನೆಯ ವರೆಗೆ ಒಂದು ಪುಸ್ತಕವನ್ನೇ ಬರೆದರು. ಅದನ್ನೂ ಬೆಲೆಯಿಲ್ಲದೆ ಓದಬಹುದು.

೭. ಈ ಪಾಠದ ಸಾರ

ಈಗ ತಾಯಿತಂದೆಗಳ ಪ್ರಶ್ನೆಗೆ ಬರುವೆವು. ಬ್ಯಾನ್‌ಶೀಗೆ ಜನರಿದ್ದರು, ಹಣವಿತ್ತು, ಪೀಠವಿತ್ತು. ಅದನ್ನು ಕಟ್ಟಬಲ್ಲ ಮುಂದಿನವರು ಇರಲಿಲ್ಲ. ಹಾಸ್ಕೆಲಿನ ಪುಟ್ಟ ಪ್ಲೇಯರಿಗೆ ಹಣವೂ ಪೀಠವೂ ಇರಲಿಲ್ಲ. ಓದಬಲ್ಲ ಒಬ್ಬರು ದೊರೆತದ್ದರಿಂದ ಅದು ಪುನಃ ಎದ್ದಿತು. ಎಮ್ಸ್ ತನ್ನ ಮನೆಯ ಭಾಷೆಯನ್ನೇ ಆಡಿದ್ದರಿಂದ ಆ ಮನೆಯವರೆಲ್ಲರೂ ಅದಕ್ಕೆ ನೆರವಾದರು. ಲಿಕ್ವಿಡ್‌ಸೋಪ್ ತರಗತಿಯಿಂದ ಹೊರಟು, ಕಲಿಯುವವರಿಗೆ ಬಾಗಿಲನ್ನು ತಗ್ಗಿಸಿ, ಪುಸ್ತಕವನ್ನೂ ಬರೆದಿಟ್ಟು ಬಾಳಿತು. ಭಾಷೆಯು ವಿರಳವೋ ಸಾಮಾನ್ಯವೋ ಎಂಬುದೊಂದೇ ಆಯುಷ್ಯವನ್ನು ನಿರ್ಣಯಿಸುವದಿಲ್ಲ. ತಿಳಿದವರು ತಿಳಿಯದವರಿಗೆ ಕಲಿಸಿದರೋ ಇಲ್ಲವೋ ಎಂಬುದು ಹೆಚ್ಚಾಗಿ ನಿರ್ಣಯಿಸುವದು.

ಆದಕಾರಣ ನಮ್ಮ ಉತ್ತರವಿದು. ಜೀವನೋಪಾಯಕ್ಕಾಗಿ ಬಳಕೆಯಲ್ಲಿರುವ ಒಂದು ಭಾಷೆಯನ್ನು ಮಗಳು ಮೊದಲು ಕಲಿಯಲಿ. ಅದರಲ್ಲಿ ನಾಚಿಕೆಯಿಲ್ಲ, ನಷ್ಟವೂ ಇಲ್ಲ. ಬಳಿಕ ಅವಳ ಮನಸ್ಸು ಲಿಸ್ಪಿನ ಕಡೆಗೋ ಹಾಸ್ಕೆಲಿನ ಕಡೆಗೋ ಓಕ್ಯಾಮಲಿನ ಕಡೆಗೋ ತಿರುಗಿದರೆ, "ಇದನ್ನು ಎಷ್ಟು ಜನರು ಬಲ್ಲರು?" ಎಂದು ಕೇಳಿ ತಡೆಯಬೇಡಿರಿ. ವಿರಳ ಭಾಷೆಗಳು ಹೊಸ ರೀತಿಯಲ್ಲಿ ಯೋಚಿಸಲು ಕಲಿಸುತ್ತವೆ; ಆ ಯೋಚನೆಯು ಬಳಕೆಯ ಭಾಷೆಯಲ್ಲಿ ಬರೆಯುವಾಗಲೂ ಕೈಯನ್ನು ತಿದ್ದುವದು. ಅದಲ್ಲದೆ ಬಲ್ಲವರು ಕೆಲವರೇ ಇರುವಲ್ಲಿ ಒಬ್ಬಳ ಕೈಗೂ ಬೆಲೆಯುಂಟು.

ಹಾಡು ಕೇಳುವದರಲ್ಲಿ ನಮ್ಮ ಹೆಣ್ಣುಮಕ್ಕಳು ಯಾರಿಗೂ ಹಿಂದಾಗಿಲ್ಲ; ನುಡಿಸುವ ಯಂತ್ರವನ್ನು ಬರೆಯುವವರಲ್ಲಿ ಮಾತ್ರ ಸ್ತ್ರೀಯರು ಇನ್ನೂ ಕಡಿಮೆ. ಮೂಲಬರಹವು ತೆರೆದಿದೆ. ಅದನ್ನು ಓದಲು ಯಾರ ಅಪ್ಪಣೆಯೂ ಬೇಡ, ಯಾವ ಶುಲ್ಕವೂ ಇಲ್ಲ. ಈ ಶಾಲೆಯಲ್ಲಿ ಅಕ್ಷರ ಕಲಿತು ಹೋದವರು ತಮ್ಮ ಮನೆಗಳಲ್ಲಿ ತಂಗಿಯರಿಗೂ ಮಕ್ಕಳಿಗೂ ಅಕ್ಷರ ಕಲಿಸಿದರು. ಅದರಿಂದಲೇ ತಲೆಮಾರು ಕಳೆದರೂ ವಿದ್ಯೆಯು ಮನೆತನಗಳಲ್ಲಿ ನಿಂತಿತು. ಈ ಹೊಸ ಅಕ್ಷರಗಳ ವಿಷಯದಲ್ಲಿಯೂ ಹಾಗೆಯೇ ಆಗಲೆಂದು ಹಾರೈಸುತ್ತೇವೆ.

ಮನೆಯಲ್ಲಿ ಯೋಚಿಸತಕ್ಕ ಪ್ರಶ್ನೆಗಳು

೧. ಸಿ.ಡಿ.ಯ ಕ್ರಮದಲ್ಲಿ ಮೂರು ನಿಮಿಷದ ಕೀರ್ತನೆಗೆ ಎಷ್ಟು ಬೈಟುಗಳು ಬೇಕು? ಪಾಠದ ಅಂಕಿಗಳಿಂದ ಲೆಕ್ಕಮಾಡಿ ನೋಡಿರಿ.

೨. ನಿಮ್ಮ ಫೋನಿನಲ್ಲಿ ಹಾಡು ನುಡಿಸುವ ತಂತ್ರಾಂಶದ ಮೂಲಬರಹವು ತೆರೆದಿದೆಯೋ, ಮುಚ್ಚಿದೆಯೋ? ಅದನ್ನು ಬರೆದವರು ನಾಳೆ ಕೈಬಿಟ್ಟರೆ ಎತ್ತಿಕೊಳ್ಳುವ ಹಕ್ಕು ಯಾರಿಗುಂಟು?

೩. ನಿಮಗೆ ಮಾತ್ರ ತಿಳಿದಿದ್ದು, ಮನೆಯಲ್ಲಿ ಮತ್ತಾರಿಗೂ ತಿಳಿಯದ ಒಂದು ಕೆಲಸ ಯಾವುದು? ಅದನ್ನು ಈ ವರ್ಷ ಯಾರಿಗೆ ಕಲಿಸುವಿರಿ?